ಕೇದಾರಕಂಠದ ಹಿಮದ ದಾರಿ: ತಿಂಗಳು ನೋಡಿ ಹೊರಟರೆ ಸಾಕೇ?

"ಡಿಸೆಂಬರ್ ಕೊನೇಲಿ ಹೋದ್ರೆ ಹಿಮ ಗ್ಯಾರಂಟಿ ಅಲ್ವಾ?" "ಏಪ್ರಿಲ್ ಅಂದ್ರೆ ಬೇಸಿಗೆ, ಸಾದಾ ಶೂ ಸಾಕಾಗಲ್ವಾ?" ಮೊದಲ ಸಲ ಹಿಮಾಲಯಕ್ಕೆ ಚಾರಣ ಹೊರಡುವವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಹೀಗೆಯೇ ಇರುತ್ತವೆ. ಒಬ್ಬರಿಗೆ ಹಿಮ ಬೇಕು, ಇನ್ನೊಬ್ಬರಿಗೆ ಬೇಡ. ಆದರೆ ಇಬ್ಬರ ನಂಬಿಕೆಯೂ ಒಂದೇ: ತಿಂಗಳು ಯಾವುದೆಂದು ಗೊತ್ತಾದರೆ ದಾರಿ ಹೇಗಿದೆ ಎಂದು ಗೊತ್ತಾದ ಹಾಗೆ.

ಈ ನಂಬಿಕೆ ಎಷ್ಟು ಸರಿ ಎಂದು ನೋಡಲು ನಾವು ಉತ್ತರಾಖಂಡದ ಕೇದಾರಕಂಠವನ್ನು ಆರಿಸಿಕೊಂಡಿದ್ದೇವೆ. ಚಳಿಗಾಲದ ಚಾರಣ ಎಂದಾಗ ಮೊದಲು ಕೇಳಿಬರುವ ಹೆಸರುಗಳಲ್ಲಿ ಇದೂ ಒಂದು. ಬೆಂಗಳೂರಿನಿಂದ ಹೋಗುವವರೂ ಬಹಳ. ಜೊತೆಗೆ ಇದಕ್ಕೆ ‘ಬಿಗಿನರ್ಸ್ ಟ್ರೆಕ್’ ಎಂಬ ಹಣೆಪಟ್ಟಿ ಬೇರೆ ಅಂಟಿಕೊಂಡಿದೆ.

ಚುಟುಕಾದ ಉತ್ತರ ಬೇಕಿದ್ದವರಿಗೆ: ನಂಬಿಕೆ ಅರ್ಧ ಸರಿ. ದಾರಿಯಲ್ಲಿ ಎಷ್ಟು ಹಿಮ ಇರಬಹುದು ಎಂಬುದನ್ನು ತಿಂಗಳು ಅಂದಾಜಾಗಿ ಹೇಳುತ್ತದೆ. ನಿಮ್ಮ ಕಾಲು ಊರುವ ಹೊತ್ತಿಗೆ ಆ ಹಿಮ ಯಾವ ಸ್ಥಿತಿಯಲ್ಲಿರುತ್ತದೆ ಎಂಬುದನ್ನು ಹೇಳುವುದಿಲ್ಲ. ಜನ ಜಾರಿ ಬೀಳುವುದು ಈ ಎರಡನೆಯದರಿಂದ.

ಬೆಟ್ಟ ಎಂಥದ್ದು?

ಕೇದಾರಕಂಠ ಇರುವುದು ಉತ್ತರಕಾಶಿ ಜಿಲ್ಲೆಯಲ್ಲಿ, ಗೋವಿಂದ ವನ್ಯಜೀವಿ ಪ್ರದೇಶದೊಳಗೆ. ತುದಿಯ ಎತ್ತರ ಸುಮಾರು 3,800 ಮೀಟರ್, ಅಂದರೆ 12,500 ಅಡಿ. ನಡಿಗೆ ಶುರುವಾಗುವುದು ಡೆಹ್ರಾಡೂನ್‌ನಿಂದ ಒಂದು ಇಡೀ ದಿನದ ಪ್ರಯಾಣದಷ್ಟು ದೂರವಿರುವ ಸಾಂಕ್ರಿ ಎಂಬ ಹಳ್ಳಿಯಿಂದ. ಇದರ ಎತ್ತರ ಸುಮಾರು 1,950 ಮೀಟರ್. ಅಲ್ಲಿಂದ ಪೈನ್, ಓಕ್ ಮರಗಳ ಕಾಡಿನಲ್ಲಿ ಏರಿ ಮೊದಲ ರಾತ್ರಿ ಜೂಡಾ ಕಾ ತಾಲಾಬ್ ಎಂಬ ಕೊಳದ ಬಳಿ, ಎರಡನೇ ರಾತ್ರಿ ಸುಮಾರು 3,400 ಮೀಟರ್ ಎತ್ತರದ ಬೇಸ್ ಕ್ಯಾಂಪಿನಲ್ಲಿ ತಂಗುವುದು ವಾಡಿಕೆ. ಮೂರನೇ ದಿನ ಬೆಳಗಿನ ಜಾವ 3 ಅಥವಾ 4 ಗಂಟೆಗೆ ಹೆಡ್‌ಲ್ಯಾಂಪ್ ಕಟ್ಟಿಕೊಂಡು ಹೊರಟು, ಸೂರ್ಯೋದಯದ ಹೊತ್ತಿಗೆ ತುದಿ ತಲುಪಿ, ಸ್ವರ್ಗಾರೋಹಿಣಿ, ಬಂದರ್‌ಪೂಂಛ್, ಕಾಲಾ ನಾಗ್ ಶಿಖರಗಳನ್ನು ನೋಡಿ ಇಳಿಯುತ್ತಾರೆ.

ಹಾಗಾಗಿ ಈ ಚಾರಣ ಒಂದೇ ತರಹ ಇಲ್ಲ. ಮೊದಲ ಎರಡು ದಿನ ನಿಜಕ್ಕೂ ಸುಲಭವೇ. ಬೇಸ್ ಕ್ಯಾಂಪಿನಿಂದ ತುದಿಯವರೆಗಿನ ಸುಮಾರು 400 ಮೀಟರ್ ಏರು ಬೇರೆಯೇ ಆಟ. ಮರಗಳಿಲ್ಲ, ಗಾಳಿಗೆ ತಡೆಯಿಲ್ಲ, ದಾರಿ ಕಡಿದು. ‘ಬಿಗಿನರ್ಸ್’ ಎಂಬ ಹಣೆಪಟ್ಟಿ ಬರೆದವರು ಮೊದಲ ಎರಡು ದಿನವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೇನೋ ಎಂದು ನಮಗೆ ಅನ್ನಿಸುತ್ತದೆ. ಈ ಲೇಖನದ ಬಹುಭಾಗ ಆ ಕೊನೆಯ 400 ಮೀಟರ್ ಬಗ್ಗೆಯೇ.

ತಿಂಗಳು ಹೇಳುವುದೇನು?

ಇಲ್ಲಿನ ಹಿಮಕ್ಕೂ ನಮ್ಮ ಮುಂಗಾರಿಗೂ ಸಂಬಂಧವಿಲ್ಲ. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಪೂರ್ವಕ್ಕೆ ಸಾಗಿಬರುವ ಹವಾಮಾನ ವ್ಯವಸ್ಥೆಗಳು ಚಳಿಗಾಲದಲ್ಲಿ ಪಶ್ಚಿಮ ಹಿಮಾಲಯಕ್ಕೆ ಬಡಿಯುತ್ತವೆ. ಹವಾಮಾನ ಇಲಾಖೆ ಇವನ್ನು ‘ವೆಸ್ಟರ್ನ್ ಡಿಸ್ಟರ್ಬೆನ್ಸ್’ ಎನ್ನುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಇವುಗಳ ಕಾಲ. ಪ್ರತಿ ಸಲ ಬಂದಾಗ ಒಂದೆರಡು ದಿನ ಮೋಡ, ಮೇಲೆ ಹಿಮ, ಕೆಳಗೆ ಮಳೆ. ನಂತರ ಆಕಾಶ ತಿಳಿಯಾಗಿ ಕಡು ಚಳಿ. ಮುಂಗಾರಿನ ಹಾಗೆ ಇದು ದಿನಗಟ್ಟಲೆ ಸುರಿಯುವುದಿಲ್ಲ. ಕಂತು ಕಂತಾಗಿ ಬರುತ್ತದೆ. ಒಂದು ಕಂತು ತಪ್ಪಿದರೆ ಇಡೀ ಡಿಸೆಂಬರ್ ಬೋಳು.

ಜನವರಿ, ಫೆಬ್ರವರಿಯಲ್ಲಿ ಸಾಮಾನ್ಯವಾಗಿ ಹಿಮ ಆಳ. ಸಾಂಕ್ರಿಯವರೆಗೂ ಇಳಿಯುವುದುಂಟು. ಮಾರ್ಚ್‌ನಲ್ಲಿ ಹಳೆಯ ಹಿಮ ಕುಸಿದು ಬಿಗಿಯಾಗಿರುತ್ತದೆ, ಹಗಲು ಕರಗುತ್ತದೆ, ರಾತ್ರಿ ಹೆಪ್ಪುಗಟ್ಟುತ್ತದೆ. ಏಪ್ರಿಲ್ ಹೊತ್ತಿಗೆ ಕೆಳಗಿನ ಕಾಡಿನಲ್ಲಿ ಕೆಸರು ಮತ್ತು ಬುರಾಂಶ್ ಹೂವು, ಮೇಲೆ ತೇಪೆ ತೇಪೆಯಾಗಿ ಹಿಮ. ಮೇ, ಜೂನ್‌ನಲ್ಲಿ ಹುಲ್ಲುಗಾವಲು ಹಸಿರಾಗುತ್ತದೆ, ಮಧ್ಯಾಹ್ನದ ಗುಡುಗು ಮಳೆ ಶುರುವಾಗುತ್ತದೆ. ಜುಲೈಯಿಂದ ಸೆಪ್ಟೆಂಬರ್ ಮಧ್ಯದವರೆಗೆ ಮುಂಗಾರು. ಆಗ ಚಾರಣದ ದಾರಿಗಿಂತ ಅಲ್ಲಿಗೆ ಹೋಗುವ ರಸ್ತೆಯೇ ಅಪಾಯ, ಗುಡ್ಡ ಕುಸಿತ ಮಾಮೂಲು. ಅಕ್ಟೋಬರ್, ನವೆಂಬರ್‌ನಲ್ಲಿ ಗಾಳಿ ಒಣಗಿ ಆಕಾಶ ಸ್ವಚ್ಛ, ನೆಲ ಬರಿದು, ರಾತ್ರಿ ಸೊನ್ನೆಗಿಂತ ಕೆಳಗೆ.

ಇದು ಸರಾಸರಿ ಚಿತ್ರ. ಸರಾಸರಿಯ ಮೇಲೆ ಎಷ್ಟು ಭಾರ ಹಾಕಬಹುದು ಎಂಬುದಕ್ಕೆ 2024ರ ಜನವರಿಯೇ ಸಾಕ್ಷಿ. ಆ ಚಳಿಗಾಲದಲ್ಲಿ ಪಶ್ಚಿಮ ಹಿಮಾಲಯದಾದ್ಯಂತ ಹಿಮದ ಬರ. ಸ್ಕೀಯಿಂಗ್‌ಗೆ ಹೆಸರಾದ ಕಾಶ್ಮೀರದ ಗುಲ್ಮಾರ್ಗ್‌ನ ಇಳಿಜಾರುಗಳು ಕಂದು ಬಣ್ಣಕ್ಕೆ ತಿರುಗಿದ ಫೋಟೋಗಳು ಎಲ್ಲೆಡೆ ಹರಿದಾಡಿದವು. ತಿಂಗಳ ಕೊನೆಗೆ ವ್ಯವಸ್ಥೆಗಳು ಬಂದು ಹಿಮ ಬಿತ್ತು. ಜನವರಿ 10ಕ್ಕೆ ಹೋದವರೂ ಫೆಬ್ರವರಿ 10ಕ್ಕೆ ಹೋದವರೂ ನಡೆದದ್ದು ‘ಸೀಸನ್‌’ನಲ್ಲೇ, ಆದರೆ ಬೇರೆ ಬೇರೆ ದಾರಿಗಳ ಮೇಲೆ.

ಹಿಮ ಕಡಿಮೆ ಇದ್ದರೆ ಜಾರುವುದೂ ಕಡಿಮೆ ಎಂದು ತಿಳಿಯುವುದು ಸಹಜ. ಅದು ತಪ್ಪು. ಒಂದಡಿ ಹಿಮದಲ್ಲಿ ಕಾಲು ಹೂತು ನಿಲ್ಲುತ್ತದೆ. ಎರಡು ಇಂಚಿನ ಹಿಮವನ್ನು ನೂರಾರು ಜನ ತುಳಿದು, ಹಗಲಲ್ಲಿ ಕರಗಿ, ರಾತ್ರಿ ಹೆಪ್ಪುಗಟ್ಟಿದರೆ ದಾರಿ ಗಾಜಾಗುತ್ತದೆ. ಬರದ ಚಳಿಗಾಲದಲ್ಲಿ ಜನಪ್ರಿಯ ದಾರಿಗಳು ಹೆಚ್ಚು ಜಾರುವುದು ಇದೇ ಕಾರಣಕ್ಕೆ.

‘ಬರ್ಫ್ ಹೈ’ ಅಂದರೆ ಯಾವ ಬರ್ಫ್?

ಇಲ್ಲೊಂದು ಭಾಷೆಯ ತೊಡಕಿದೆ. ನಾವು ಕನ್ನಡದಲ್ಲಿ ಕಾವಳಕ್ಕೂ ಮಂಜು ಎನ್ನುತ್ತೇವೆ, ಬಿದ್ದ ಹಿಮಕ್ಕೂ ಮಂಜು ಎನ್ನುತ್ತೇವೆ, ಫ್ರಿಜ್ಜಿನೊಳಗಿನದು ಮಂಜುಗಡ್ಡೆ. ಹಿಂದಿಯಲ್ಲಿ ಬಿದ್ದ ಹಿಮವೂ ಬರ್ಫ್, ಗಡ್ಡೆಯೂ ಬರ್ಫ್. "ಭಯ್ಯಾ, ಊಪರ್ ಬರ್ಫ್ ಹೈ ಕ್ಯಾ?" ಎಂದು ಗೈಡ್‌ಗೆ ಫೋನ್ ಮಾಡಿ, "ಹಾಂ ಜೀ, ಬಹುತ್ ಹೈ" ಎಂಬ ಉತ್ತರ ಪಡೆದು ಖುಷಿಯಾಗಿ ಟಿಕೆಟ್ ಬುಕ್ ಮಾಡಿದವರಿಗೆ ನಿಜಕ್ಕೂ ಬೇಕಾದ ಮಾಹಿತಿ ಸಿಕ್ಕಿರುವುದಿಲ್ಲ.

ಕಾಲಿಗೆ ಸಂಬಂಧಪಟ್ಟಂತೆ ನಾಲ್ಕು ಬಗೆಯ ಹಿಮವನ್ನು ಬೇರೆ ಮಾಡಿಕೊಂಡರೆ ಸಾಕು. ಹೊಸದಾಗಿ ಬಿದ್ದ ಹುಡಿ ಹಿಮದ ಬಹುಪಾಲು ಗಾಳಿಯೇ. ಒಂದು ಘನ ಮೀಟರ್ ಹುಡಿ ಹಿಮ 50ರಿಂದ 100 ಕಿಲೋ ತೂಗಬಹುದು, ಅಷ್ಟೇ ಜಾಗದ ಗಟ್ಟಿ ಮಂಜುಗಡ್ಡೆ 900 ಕಿಲೋಗೂ ಹೆಚ್ಚು. ಹುಡಿಯಲ್ಲಿ ನಡೆದರೆ ಕಾಲು ಹೂಳುತ್ತದೆ, ಸುಸ್ತಾಗುತ್ತದೆ, ಆದರೆ ಬಿದ್ದರೆ ಪೆಟ್ಟು ಕಡಿಮೆ. ಇದರ ಅಪಾಯ ಬೇರೆ: ಕೆಳಗೆ ಏನಿದೆ ಎಂದು ಕಾಣುವುದಿಲ್ಲ. ಕಲ್ಲುಗಳ ನಡುವಿನ ಸಂದು, ತೊರೆ, ಹಳೆಯ ಗಡ್ಡೆ ಎಲ್ಲವನ್ನೂ ಮುಚ್ಚಿಬಿಡುತ್ತದೆ.

ಎರಡನೆಯದು ಹಳೆಯ, ಕುಸಿದು ಬಿಗಿಯಾದ ಹಿಮ. ಹರಳುಗಳು ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಶೂ ಮುಂಗಾಲಿನಿಂದ ಒದ್ದರೆ ಮೆಟ್ಟಿಲಾಗುತ್ತದೆ. ನಡೆಯಲು ಇದಕ್ಕಿಂತ ಒಳ್ಳೆಯ ಹಿಮವಿಲ್ಲ. ಮೂರನೆಯದು ಬಿಸಿಲಿಗೆ ನೀರೂಡಿದ ಹಿಮ, ಗೋಲಾದಂಗಡಿಯ ಐಸಿನ ಹಾಗೆ. ಕಾಲು ಇದ್ದಕ್ಕಿದ್ದಂತೆ ತೊಡೆಯವರೆಗೆ ಕುಸಿಯುತ್ತದೆ, ಶೂ ಒಳಗೆ ನೀರು ಹೋಗುತ್ತದೆ. ಮೊಣಕಾಲು ತಿರುಚಿಕೊಳ್ಳುವುದು ಹೆಚ್ಚಾಗಿ ಇದರಲ್ಲೇ. ನಾಲ್ಕನೆಯದು ಗಡ್ಡೆ. ತುಳಿದು ಗಾಜಾದ ಹಿಮವಿರಬಹುದು, ದಾರಿಗೆ ಅಡ್ಡ ಹರಿದ ನೀರು ಹೆಪ್ಪುಗಟ್ಟಿದ್ದಿರಬಹುದು. ಹಿಮವೇ ಬೀಳದ ನವೆಂಬರ್‌ನಲ್ಲೂ ಇಬ್ಬನಿ ಹೆಪ್ಪುಗಟ್ಟಿ ತೆಳುವಾದ ಪದರ ಕೂರುತ್ತದೆ. ಅಲ್ಲಿನವರು ಇದನ್ನು ‘ಪಾಲಾ’ ಎನ್ನುತ್ತಾರೆ. ಗೈಡ್ ಬಾಯಲ್ಲಿ ಈ ಮಾತು ಬಂದರೆ ಕಿವಿ ನಿಮಿರಬೇಕು.

ಬೆಳಿಗ್ಗೆ ಐದರ ಹಿಮ, ಮಧ್ಯಾಹ್ನ ಹನ್ನೆರಡರ ಹಿಮ

ಈ ನಾಲ್ಕು ಬಗೆಗಳು ನಾಲ್ಕು ತಿಂಗಳುಗಳಲ್ಲಿ ಸಿಗುವುದಿಲ್ಲ. ಒಂದೇ ದಿನ, ಒಂದೇ ಇಳಿಜಾರಿನಲ್ಲಿ ಮೂರು ಸಿಗಬಹುದು. ಮಾರ್ಚ್‌ನ ಒಂದು ದಿನವನ್ನು ತೆಗೆದುಕೊಳ್ಳಿ. ನಸುಕಿನ 5 ಗಂಟೆಗೆ ಮೇಲ್ಪದರ ಕಲ್ಲಿನಂತೆ ಗಟ್ಟಿ. 8ರ ಹೊತ್ತಿಗೆ ಪೂರ್ವದ ಇಳಿಜಾರಿನಲ್ಲಿ ಮೇಲಿನ ಒಂದಿಂಚು ಮೃದುವಾಗಿ ಹಿಡಿತ ಚೆನ್ನಾಗಿರುತ್ತದೆ. 11ಕ್ಕೆ ಅದೇ ಜಾಗ ಕೆಸರಿನಂತೆ. ಸಂಜೆ 5ಕ್ಕೆ ನೆರಳು ಬಿದ್ದ ಅರ್ಧ ಗಂಟೆಯೊಳಗೆ ನಿಮ್ಮ ಹೆಜ್ಜೆಗುರುತುಗಳೇ ಗಡ್ಡೆಯಾಗಿರುತ್ತವೆ.

ಬೆಳಗಿನ ಜಾವ ಹೊರಡುವುದು ಸೂರ್ಯೋದಯದ ಫೋಟೋಗೆ ಎಂದು ಬಹಳ ಜನ ತಿಳಿದಿದ್ದಾರೆ. ಫೋಟೋ ಸಿಗುವುದು ನಿಜ. ಆದರೆ ಪರ್ವತಾರೋಹಿಗಳು ನಸುಕಿನಲ್ಲಿ ಹೊರಡುವ ಪದ್ಧತಿ ಕ್ಯಾಮೆರಾಗಳಿಗಿಂತ ಹಳೆಯದು. ಹಿಮ ಗಟ್ಟಿಯಿರುವಾಗ ಹತ್ತಿ, ಅದು ಕುಸಿಯುವ ಮುನ್ನ ಇಳಿದುಬಿಡುವುದು, ಮಧ್ಯಾಹ್ನದ ಮೋಡಕ್ಕೆ ಸಿಗದಿರುವುದು ಅದರ ಉದ್ದೇಶ. ಹಾಗಾಗಿ 3ಕ್ಕೆ ಎದ್ದು, ತುದಿಯಲ್ಲಿ ರೀಲ್ಸ್ ಮಾಡುತ್ತ 11ರವರೆಗೆ ಕುಳಿತರೆ ಎದ್ದದ್ದೇ ದಂಡ.

ರಾತ್ರಿ ಹಿಮ ಗಟ್ಟಿಯಾಗುವುದು ಗಾಳಿಯ ತಾಪಮಾನದಿಂದ ಮಾತ್ರವೂ ಅಲ್ಲ. ಆಕಾಶ ತಿಳಿಯಾಗಿದ್ದರೆ ಹಿಮದ ಮೇಲ್ಮೈ ತನ್ನ ಶಾಖವನ್ನು ಆಕಾಶಕ್ಕೆ ಚೆಲ್ಲುತ್ತ, ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಗಾಳಿ ಸೊನ್ನೆಗಿಂತ ಒಂದೆರಡು ಡಿಗ್ರಿ ಮೇಲಿದ್ದರೂ ಹಿಮ ಹೆಪ್ಪುಗಟ್ಟಬಹುದು. ಮೋಡ ಕವಿದಿದ್ದರೆ ಅದು ಕಂಬಳಿಯಂತೆ ಶಾಖವನ್ನು ಹಿಡಿದಿಡುತ್ತದೆ, ಹಿಮ ಬೆಳಗಿನವರೆಗೂ ಮೆತ್ತಗೇ ಉಳಿಯುತ್ತದೆ. "ರಾತ್ರಿ ಅಷ್ಟೇನೂ ಚಳಿ ಇರಲಿಲ್ಲ, ಒಳ್ಳೇದಾಯ್ತು" ಎಂದು ಟೆಂಟಿನಿಂದ ಹೊರಬರುವವರು ಒಂದು ಕ್ಷಣ ಆಕಾಶ ನೋಡಬೇಕು. ಬೆಚ್ಚಗಿನ, ಮೋಡದ ರಾತ್ರಿಯ ನಂತರದ ಬೆಳಿಗ್ಗೆ ಮಾರ್ಚ್, ಏಪ್ರಿಲ್‌ನಲ್ಲಿ ಒಳ್ಳೆಯ ಸುದ್ದಿಯಲ್ಲ.

ಬೆಟ್ಟದ ಯಾವ ಮಗ್ಗುಲು?

ನಮ್ಮ ಕಡೆಯ ಬೆಟ್ಟಗಳನ್ನು ಹತ್ತುವಾಗ ಉತ್ತರದ ಮಗ್ಗುಲೋ ದಕ್ಷಿಣದ ಮಗ್ಗುಲೋ ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಡಿಸೆಂಬರ್ 21ರ ಮಧ್ಯಾಹ್ನವೂ ಇಲ್ಲಿ ಸೂರ್ಯ ದಿಗಂತದಿಂದ 53 ಡಿಗ್ರಿಗೂ ಮೇಲಿರುತ್ತಾನೆ. ಕೇದಾರಕಂಠ ಇರುವುದು 31 ಡಿಗ್ರಿಯಲ್ಲಿ. ಅಲ್ಲಿ ಅದೇ ಮಧ್ಯಾಹ್ನ ಸೂರ್ಯ ಏರುವುದು 35 ಡಿಗ್ರಿಯ ಆಸುಪಾಸಿಗೆ ಮಾತ್ರ.

ಇದರ ಪರಿಣಾಮ ಸಣ್ಣದಲ್ಲ. 36 ಡಿಗ್ರಿಗಿಂತ ಕಡಿದಾದ ಉತ್ತರದ ಇಳಿಜಾರಿಗೆ ಆ ದಿನ ನಡುಹಗಲಲ್ಲೂ ನೇರ ಬಿಸಿಲು ತಾಗುವುದೇ ಇಲ್ಲ. 25 ಡಿಗ್ರಿಯ ಇಳಿಜಾರನ್ನು ತೆಗೆದುಕೊಂಡರೂ, ದಕ್ಷಿಣಕ್ಕೆ ಮುಖ ಮಾಡಿದ್ದಕ್ಕೆ ಸಿಗುವ ನೇರ ಬಿಸಿಲು ಉತ್ತರಕ್ಕೆ ಮುಖ ಮಾಡಿದ್ದಕ್ಕಿಂತ ಸುಮಾರು ಐದು ಪಟ್ಟು. ಏಪ್ರಿಲ್ ಮಧ್ಯದ ಹೊತ್ತಿಗೆ ನಡುಹಗಲ ಸೂರ್ಯ 68 ಡಿಗ್ರಿ ದಾಟುವುದರಿಂದ ಈ ಅಂತರ ಕುಗ್ಗುತ್ತದೆ, ಅಷ್ಟು ಹೊತ್ತಿಗೆ ಉತ್ತರದಲ್ಲಿ ಕೂಡಿಟ್ಟ ಹಿಮ ಮಾತ್ರ ಉಳಿದಿರುತ್ತದೆ. ಹುಲ್ಲು ಕಾಣುವ ದಾರಿಯಲ್ಲಿ ಆರಾಮಾಗಿ ಬಂದು, ಒಂದು ತಿರುವು ದಾಟಿದೊಡನೆ ಗಟ್ಟಿ ಹಿಮದ ಪಟ್ಟಿ ಎದುರಾಗುವುದು ಇದಕ್ಕೇ. ಏಪ್ರಿಲ್, ಮೇ ತಿಂಗಳ ಪೆಟ್ಟುಗಳು ಇಂಥ ಪಟ್ಟಿಗಳಲ್ಲಿ ಕಾದಿರುತ್ತವೆ. ಹತ್ತು ಹೆಜ್ಜೆಯ ಹಿಮಕ್ಕಾಗಿ ಬ್ಯಾಗಿನಿಂದ ಸ್ಪೈಕ್ ತೆಗೆಯಲು ಯಾರಿಗೂ ಮನಸ್ಸಾಗುವುದಿಲ್ಲ.

ಎತ್ತರದ ಲೆಕ್ಕವೂ ಇದೆ. ಸಾವಿರ ಮೀಟರ್ ಏರಿದರೆ ತಾಪಮಾನ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಸಾಂಕ್ರಿಗೂ ತುದಿಗೂ 1,850 ಮೀಟರ್ ಅಂತರ, ಅಂದರೆ ಸುಮಾರು 12 ಡಿಗ್ರಿ ವ್ಯತ್ಯಾಸ. ಫೋನಿನ ಹವಾಮಾನ ಆ್ಯಪ್ ಸಾಂಕ್ರಿಗೆ 5 ಡಿಗ್ರಿ ತೋರಿಸಿದರೆ ತುದಿಯಲ್ಲಿ ಮೈನಸ್ 7 ಎಂದುಕೊಳ್ಳಿ. ಇದಕ್ಕೆ ಗಾಳಿ ಸೇರಿಲ್ಲ.

ಜಾರಿದರೆ ಏನಾಗುತ್ತದೆ?

ಇಳಿಯುವಾಗ ಕುಂಡಿಯ ಮೇಲೆ ಕೂತು ಜಾರುಬಂಡೆಯಂತೆ ಜಾರುವುದು ಕೇದಾರಕಂಠದ ಒಂದು ಆಕರ್ಷಣೆಯೇ ಆಗಿಬಿಟ್ಟಿದೆ. ಕೆಳಗೆ ವಿಶಾಲವಾದ, ಸಮತಟ್ಟಾದ ಜಾಗವಿದ್ದು, ಹಿಮ ಮೆತ್ತಗಿದ್ದು, ಗೈಡ್ ತೋರಿಸಿದ ಜಾಗವಾಗಿದ್ದರೆ ಅದು ಮಜವೇ. ಆದರೆ ಅದೇ ಜಾಗ ಗಟ್ಟಿಯಾಗಿದ್ದರೆ ಏನಾಗುತ್ತದೆ ಎಂದು ನಾವೊಂದು ಲೆಕ್ಕ ಹಾಕಿ ನೋಡಿದೆವು.

ಇಳಿಜಾರು 30 ಡಿಗ್ರಿ ಇದೆ ಎಂದುಕೊಳ್ಳಿ. ನೈಲಾನ್ ಪ್ಯಾಂಟಿಗೂ ಗಟ್ಟಿ ಹಿಮಕ್ಕೂ ನಡುವಿನ ಘರ್ಷಣೆಯ ಗುಣಾಂಕವನ್ನು 0.1 ಎಂದು ಇಟ್ಟುಕೊಳ್ಳೋಣ. ಜಾರಿದ ಮೂರೇ ಸೆಕೆಂಡಿನಲ್ಲಿ ನೀವು 18 ಮೀಟರ್ ಕೆಳಗಿರುತ್ತೀರಿ, ನಿಮ್ಮ ವೇಗ ಗಂಟೆಗೆ 40 ಕಿಲೋಮೀಟರ್ ದಾಟಿರುತ್ತದೆ. ಬೆಂಗಳೂರಿನ ಒಳರಸ್ತೆಯಲ್ಲಿ ಸ್ಕೂಟರ್ ಓಡುವ ವೇಗ, ಹೆಲ್ಮೆಟ್ ಇಲ್ಲ, ಬ್ರೇಕ್ ಇಲ್ಲ. ಮೂರು ಸೆಕೆಂಡ್ ಎಂದರೆ ‘ಅಯ್ಯೋ’ ಎಂದು ಕೂಗಿ ಕೈಯೂರಲು ಬೇಕಾಗುವ ಹೊತ್ತು. ತಡೆಯುವುದಿದ್ದರೆ ಮೊದಲ ಸೆಕೆಂಡಿನಲ್ಲೇ, ಹೊಟ್ಟೆಯ ಮೇಲೆ ಹೊರಳಿ, ಮೊಣಕೈ ಮತ್ತು ಶೂ ತುದಿಗಳನ್ನು ಹಿಮಕ್ಕೆ ಒತ್ತಿ ತಡೆಯಬೇಕು. ಕ್ರ್ಯಾಂಪಾನ್ ತೊಟ್ಟಿದ್ದರೆ ಮಾತ್ರ ಕಾಲನ್ನು ಮೇಲೆತ್ತಬೇಕು. ಇಲ್ಲದಿದ್ದರೆ ಅದರ ಹಲ್ಲು ಸಿಕ್ಕಿಕೊಂಡು ಕಣಕಾಲು ಮುರಿಯುತ್ತದೆ ಅಥವಾ ದೇಹ ಪಲ್ಟಿ ಹೊಡೆಯುತ್ತದೆ.

ಕೇದಾರಕಂಠದಲ್ಲಿ ಸಾಮಾನ್ಯವಾಗಿ ಕೊಡುವುದು ಕ್ರ್ಯಾಂಪಾನ್ ಅಲ್ಲ, ಮೈಕ್ರೋಸ್ಪೈಕ್. ರಬ್ಬರ್ ಪಟ್ಟಿಯಿಂದ ಶೂಗೆ ಸಿಕ್ಕಿಸುವ, ಸರಪಳಿ ಮತ್ತು ಸಣ್ಣ ಹಲ್ಲುಗಳ ಸಾಧನ. ತುಳಿದ ದಾರಿಯ ಗಡ್ಡೆಗೆ ಇದು ಬಹಳ ಒಳ್ಳೆಯದು. ಮೆತ್ತನೆಯ ಹಿಮದಲ್ಲಿ ಹಲ್ಲುಗಳ ನಡುವೆ ಹಿಮ ಉಂಡೆಗಟ್ಟಿ, ಸ್ಪೈಕ್ ಇದ್ದೂ ಇಲ್ಲದ ಹಾಗಾಗುತ್ತದೆ. ಆಗಾಗ ಕೋಲಿನಿಂದ ತಟ್ಟಿ ಉದುರಿಸಬೇಕು. ‘ಸ್ಪೈಕ್ ಹಾಕಿದ್ದೇನೆ, ಎಲ್ಲಿ ಬೇಕಾದರೂ ನಡೆಯಬಹುದು’ ಎಂಬುದು ಹೊಸ ಕಾಲದ ಮೂಢನಂಬಿಕೆಗಳಲ್ಲಿ ಒಂದು.

ಹಿಮಪಾತದ ಅಂದರೆ ಅವಲಾಂಚ್‌ನ ಭಯ ಇಲ್ಲಿ ಎಷ್ಟು? ಹಿಮದ ಹಾಸು ಕಳಚಿ ಜಾರುವುದು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರುಗಳಲ್ಲಿ. ಅದಕ್ಕಿಂತ ಕಡಿಮೆಯಿದ್ದರೆ ಹಿಮ ನಿಲ್ಲುತ್ತದೆ, ತೀರಾ ಕಡಿದಾಗಿದ್ದರೆ ಕೂಡಿಬೀಳುವ ಮೊದಲೇ ಉದುರುತ್ತಿರುತ್ತದೆ. ಕೇದಾರಕಂಠದ ವಾಡಿಕೆಯ ದಾರಿಯ ಹೆಚ್ಚಿನ ಭಾಗ ಕಾಡು ಮತ್ತು ದಿಣ್ಣೆಯ ಮೇಲಿರುವುದರಿಂದ ಎತ್ತರದ ಕಣಿವೆಗಳ ಚಾರಣಗಳಿಗೆ ಹೋಲಿಸಿದರೆ ಅಪಾಯ ಕಡಿಮೆ. ಆದರೆ ಜನಜಂಗುಳಿ ತಪ್ಪಿಸಿಕೊಳ್ಳಲು ಪಕ್ಕದ ಕಡಿದಾದ ಬೋಳು ಇಳಿಜಾರಿಗೆ ನುಗ್ಗಿದರೆ ಈ ಮಾತು ಅನ್ವಯಿಸುವುದಿಲ್ಲ, ಅದರಲ್ಲೂ ಭಾರಿ ಹಿಮ ಬಿದ್ದ ಮರುದಿನ. ಒಂದೆರಡು ದಿನ ಕಾಯುವುದು ವಾಸಿ. ನಾಲ್ಕು ದಿನದ ಪ್ಯಾಕೇಜಿನಲ್ಲಿ ಕಾಯಲು ದಿನವೇ ಇರುವುದಿಲ್ಲ ಎಂಬುದು ನಿಜವಾದ ಸಮಸ್ಯೆ.

ಇನ್ನೊಂದು ಮಾತು. ಚಳಿಗಾಲದಲ್ಲಿ ಜೂಡಾ ಕಾ ತಾಲಾಬ್ ಹೆಪ್ಪುಗಟ್ಟುತ್ತದೆ. ಮನುಷ್ಯನ ಭಾರ ತಡೆಯಲು ಕನಿಷ್ಠ 10 ಸೆಂಟಿಮೀಟರ್ ದಪ್ಪದ ಗಟ್ಟಿ, ಪಾರದರ್ಶಕ ಗಡ್ಡೆ ಬೇಕು. ಮೇಲೆ ಹಿಮ ಮುಚ್ಚಿದ್ದರೆ ದಪ್ಪ ಎಷ್ಟೆಂದು ನೋಡಿ ಹೇಳಲಾಗದು. ದಡದಲ್ಲೇ ನಿಂತು ಫೋಟೋ ತೆಗೆಸಿಕೊಳ್ಳಿ.

‘ಕುಮಾರ ಪರ್ವತ ಹತ್ತಿದ್ದೇವೆ, ಇದೇನು ಮಹಾ?’

ಈ ಮಾತಿನಲ್ಲಿ ಸತ್ಯಾಂಶ ಇದೆ. 1,712 ಮೀಟರ್ ಎತ್ತರದ ಕುಮಾರ ಪರ್ವತವನ್ನು ಕುಕ್ಕೆ ಕಡೆಯಿಂದ ಹತ್ತಿ ಇಳಿದವರ ಕಾಲಿಗೆ ಕೇದಾರಕಂಠದ ಯಾವ ದಿನದ ಏರೂ ಹೆಚ್ಚಲ್ಲ. ಹೃದಯ, ಶ್ವಾಸಕೋಶ, ತೊಡೆಗಳಿಗೆ ಅದಕ್ಕಿಂತ ಒಳ್ಳೆಯ ಅಭ್ಯಾಸ ನಮ್ಮಲ್ಲಿ ಸಿಗುವುದು ಕಷ್ಟ. ಆದರೆ ಎರಡು ವಿಷಯಗಳನ್ನು ಪಶ್ಚಿಮ ಘಟ್ಟ ಕಲಿಸಲಾರದು. ಒಂದು, ಎತ್ತರ. 2,500 ಮೀಟರ್ ದಾಟಿದ ಮೇಲೆ ತಲೆನೋವು, ವಾಕರಿಕೆ, ನಿದ್ರೆಗೇಡು ಯಾರಿಗೂ ಬರಬಹುದು, ಫಿಟ್‌ನೆಸ್ ಅದಕ್ಕೆ ರಕ್ಷಣೆಯಲ್ಲ. ಸುಮ್ಮನೆ ಕೂತಾಗಲೂ ಏದುಸಿರು, ನಡೆಯುವಾಗ ತೂರಾಟ ಕಂಡರೆ ಕತ್ತಲಿದ್ದರೂ ಕೆಳಗಿಳಿಸಬೇಕು. ಎರಡನೆಯದು, ಗಟ್ಟಿ ಹಿಮದ ಮೇಲೆ ಹೆಜ್ಜೆ ಇಡುವ ಬಗೆ. ಇದನ್ನು ಓದಿ ಕಲಿಯಲಾಗದು. ಬೇಸ್ ಕ್ಯಾಂಪಿಗೆ ತಲುಪಿದ ಸಂಜೆ ಅಲ್ಲೇ ಪಕ್ಕದ ಸಣ್ಣ ಇಳಿಜಾರಿನಲ್ಲಿ ಸ್ಪೈಕ್ ಹಾಕಿ ಅರ್ಧ ಗಂಟೆ ಹತ್ತಿಳಿಯಿರಿ. ಮರುದಿನ ಕತ್ತಲಲ್ಲಿ ಕಲಿಯುವುದಕ್ಕಿಂತ ಇದು ಮೇಲು.

ಕಣ್ಣಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇವೆ. ಚಳಿಯಿದ್ದಲ್ಲಿ ಬಿಸಿಲು ಸುಡುವುದಿಲ್ಲ ಎಂಬುದು ಸುಳ್ಳು. ಹೊಸ ಹಿಮ ತನ್ನ ಮೇಲೆ ಬಿದ್ದ ನೇರಳಾತೀತ ಕಿರಣಗಳಲ್ಲಿ ಶೇ 80ರಷ್ಟನ್ನು ಹಿಂದಕ್ಕೆ ಎಸೆಯಬಲ್ಲದು. ಕನ್ನಡಕವಿಲ್ಲದೆ ಒಂದು ಬೆಳಗು ಕಳೆದರೆ ಕೆಲವು ಗಂಟೆಗಳ ನಂತರ ಕಣ್ಣಿಗೆ ಮರಳು ಹೊಕ್ಕಂತೆ ಉರಿ ಶುರುವಾಗುತ್ತದೆ. ಒಂದೆರಡು ದಿನದಲ್ಲಿ ವಾಸಿಯಾಗುತ್ತದೆ, ಆದರೆ ಆ ಒಂದೆರಡು ದಿನ ನೀವು ಬೆಟ್ಟ ಇಳಿಯಬೇಕಿರುತ್ತದೆ.

ಜೂನ್‌ನಲ್ಲಿ ಹಿಮ ಬೀಳುವುದಿಲ್ಲವೇ?

ತಿಂಗಳನ್ನು ನಂಬುವುದರ ಅಪಾಯವನ್ನು ಕರ್ನಾಟಕ 2024ರಲ್ಲಿ ಬಹಳ ಹತ್ತಿರದಿಂದ ಕಂಡಿದೆ. ಅದು ನಡೆದದ್ದು ಕೇದಾರಕಂಠದಲ್ಲಲ್ಲ, ಉತ್ತರಕಾಶಿ ಮತ್ತು ಟೆಹ್ರಿ ಜಿಲ್ಲೆಗಳ ಗಡಿಯ ಸಹಸ್ರತಾಲ್ ದಾರಿಯಲ್ಲಿ, 4,000 ಮೀಟರ್‌ಗಿಂತ ಎತ್ತರದಲ್ಲಿ. 2024ರ ಮೇ 29ರಂದು ಹೊರಟ 22 ಜನರ ತಂಡದಲ್ಲಿ ಬಹುಪಾಲು ಕರ್ನಾಟಕದವರು. ಜೂನ್ 3ರಂದು ತಂಡ ಹಿಮಗಾಳಿಗೆ ಸಿಕ್ಕಿತು. 9 ಮಂದಿ ಸತ್ತರು. 13 ಮಂದಿಯನ್ನು ಉಳಿಸಿಕೊಳ್ಳಲಾಯಿತು. ರಾಜ್ಯ ವಿಪತ್ತು ದಳ ಮತ್ತು ವಾಯುಪಡೆಯ ಹೆಲಿಕಾಪ್ಟರ್‌ಗಳು ಕಾರ್ಯಾಚರಣೆಗಿಳಿದವು, ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನ್‌ಗೆ ಹೋದರು. ಬೆಂಗಳೂರಿನಲ್ಲಿ ಅದು ಮುಂಗಾರು ಶುರುವಾಗುತ್ತಿದ್ದ ವಾರ, ಉತ್ತರ ಭಾರತದ ಬಯಲಿನಲ್ಲಿ ಬಿಸಿಲಿನ ಹೊಡೆತದ ಸುದ್ದಿಗಳು.

ಅಲ್ಲಿ ಯಾರು ಏನು ತಪ್ಪು ಮಾಡಿದರು ಎಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆ ಎತ್ತರದಲ್ಲಿ ದೇಹಕ್ಕೆ ಏನಾಗುತ್ತದೆ ಎಂಬುದನ್ನು ಮಾತ್ರ ಹೇಳಬಹುದು. ಮೈನಸ್ 5 ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಮೈನಸ್ 13ರಂತೆ. ಮೈನಸ್ 10ರಲ್ಲಿ 40 ಕಿಲೋಮೀಟರ್ ಗಾಳಿಯಿದ್ದರೆ ಮೈನಸ್ 21ರಂತೆ. ಬಟ್ಟೆ ಒದ್ದೆಯಾಗಿದ್ದರೆ ಪರಿಸ್ಥಿತಿ ಇನ್ನೂ ಕೆಟ್ಟದ್ದು, ಏಕೆಂದರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಜೀನ್ಸ್ ಮತ್ತು ಹತ್ತಿ ಟೀ ಶರ್ಟ್ ಬೇಡ ಎನ್ನುವುದು ಫ್ಯಾಷನ್ ಸಲಹೆಯಲ್ಲ.

ದೇಹದ ಒಳಗಿನ ತಾಪಮಾನ 35 ಡಿಗ್ರಿಗಿಂತ ಕೆಳಗಿಳಿದರೆ ಅದು ಹೈಪೋಥರ್ಮಿಯಾ. ಮೊದಲು ನಡುಕ. ನಂತರ ಮಾತು ತೊದಲುತ್ತದೆ, ಜಿಪ್ ಹಾಕಲು ಬೆರಳು ಕೇಳುವುದಿಲ್ಲ, ನಡೆಯುವಾಗ ಎಡವುತ್ತಾರೆ, ‘ನನಗೇನೂ ಆಗಿಲ್ಲ, ಇಲ್ಲೇ ಸ್ವಲ್ಪ ಕೂರುತ್ತೇನೆ’ ಎನ್ನುತ್ತಾರೆ. ನಡುಕ ನಿಂತರೆ ಸುಧಾರಿಸಿತು ಎಂದಲ್ಲ, ದೇಹ ಸೋಲುತ್ತಿದೆ ಎಂದು. ಗಾಳಿಯಿಂದ ಮರೆಗೆ ಒಯ್ದು, ಒದ್ದೆ ಬಟ್ಟೆ ತೆಗೆಸಿ, ಒಣಗಿದ್ದನ್ನು ಹೊದಿಸಿ, ಅವರಿಗೂ ನೆಲಕ್ಕೂ ನಡುವೆ ಮ್ಯಾಟು, ಬ್ಯಾಗು ಏನಾದರೂ ಹಾಕಬೇಕು. ಎಚ್ಚರವಿದ್ದರೆ ಬಿಸಿಯಾದ ಸಿಹಿ ಪಾನೀಯ ಕೊಡಬಹುದು. ಕೈಕಾಲು ಉಜ್ಜಬಾರದು. ರಮ್ ಕುಡಿದರೆ ಮೈ ಬೆಚ್ಚಗಾಗುತ್ತದೆ ಎಂಬ ನಂಬಿಕೆಗೆ ಇಲ್ಲಿ ಜೀವದ ಬೆಲೆ ತೆರಬೇಕಾಗುತ್ತದೆ: ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಒಳಗಿನ ಶಾಖ ಚರ್ಮಕ್ಕೆ ಬಂದು ಹೊರಗೆ ಹೋಗುತ್ತದೆ. ಬೆಚ್ಚಗೆ ಅನ್ನಿಸುವುದು ಆ ಹೊರಹೋಗುವ ಶಾಖವೇ.

ಹೊರಡುವ ಮುನ್ನ ಏನು ಕೇಳಬೇಕು?

ಹಿಮ ಇದೆಯೇ ಎಂದು ಕೇಳುವ ಬದಲು, ಕೊನೆಯ ಸಲ ಹಿಮ ಬಿದ್ದದ್ದು ಯಾವಾಗ ಎಂದು ಕೇಳಿ. ನಿನ್ನೆ ಮೊನ್ನೆ ತುದಿಗೆ ಹೋದವರು ಎಷ್ಟು ಹೊತ್ತಿಗೆ ಇಳಿದರು, ಬೇಸ್ ಕ್ಯಾಂಪಿನ ಮೇಲೆ ದಾರಿ ತುಳಿದು ಗಡ್ಡೆಯಾಗಿದೆಯೇ, ಹಿಂದಿನ ವಾರ ಯಾವ ತಂಡವಾದರೂ ಅರ್ಧದಿಂದ ಮರಳಿತೇ ಎಂದು ಕೇಳಿ. ಕೊನೆಯ ಪ್ರಶ್ನೆಗೆ "ನಮ್ಮ ತಂಡಗಳು ಯಾವತ್ತೂ ಮರಳಿಲ್ಲ, ನೂರಕ್ಕೆ ನೂರು ಸಮಿಟ್" ಎಂಬ ಉತ್ತರ ಬಂದರೆ ಅದನ್ನು ಹೆಗ್ಗಳಿಕೆ ಎಂದು ನಾವು ಓದುವುದಿಲ್ಲ. ಬೆಟ್ಟದಲ್ಲಿ ವರ್ಷವಿಡೀ ಹವೆ ನೂರಕ್ಕೆ ನೂರು ಒಳ್ಳೆಯದಿರುವುದಿಲ್ಲ.

ಮುನ್ಸೂಚನೆಗೆ ಡೆಹ್ರಾಡೂನ್‌ನ ಹವಾಮಾನ ಕೇಂದ್ರ ಕೊಡುವ ಜಿಲ್ಲಾವಾರು ಎಚ್ಚರಿಕೆಗಳನ್ನು ನೋಡಿ. ಉತ್ತರಕಾಶಿಗೆ ಆರೆಂಜ್ ಅಥವಾ ರೆಡ್ ಅಲರ್ಟ್ ಇದ್ದರೆ ಸಾಂಕ್ರಿಯಲ್ಲೇ ಉಳಿಯಿರಿ. ಹಿಮ ಕುಸಿತದ ಎಚ್ಚರಿಕೆಗಳನ್ನು ಚಂಡೀಗಢದಲ್ಲಿರುವ ರಕ್ಷಣಾ ಇಲಾಖೆಯ ಡಿಜಿಆರ್‌ಇ ಸಂಸ್ಥೆ ಹೊರಡಿಸುತ್ತದೆ. ತುರ್ತಿಗೆ 112. ಮೇಲಕ್ಕೆ ಹೋದಂತೆ ಫೋನ್ ಸಿಗ್ನಲ್ ನಂಬುವ ಹಾಗಿಲ್ಲ, ಹಾಗಾಗಿ ಯಾವ ದಿನ ಎಲ್ಲಿರುತ್ತೀರಿ, ಎಷ್ಟು ಹೊತ್ತಿಗೆ ಸುದ್ದಿ ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂದು ಮನೆಯವರಿಗೆ ಬರೆದು ಕೊಟ್ಟು ಹೋಗಿ.

ತುದಿಗೆ ಹೊರಡುವ ಹಿಂದಿನ ರಾತ್ರಿಯೇ ಮರಳುವ ಹೊತ್ತನ್ನು ಗೈಡ್ ಜೊತೆ ಮಾತಾಡಿ ನಿಗದಿ ಮಾಡಿಕೊಳ್ಳಿ. 9 ಗಂಟೆ ಎಂದಾದರೆ, ತುದಿ ಐವತ್ತು ಮೀಟರ್ ದೂರವಿದ್ದರೂ 9ಕ್ಕೆ ಇಳಿಯುವುದು. ಕ್ರಿಸ್‌ಮಸ್ ಮತ್ತು ಹೊಸ ವರ್ಷದ ವಾರದಲ್ಲಿ ಕಡಿದಾದ ಭಾಗದಲ್ಲಿ ಸರದಿ ನಿಲ್ಲಬೇಕಾಗುತ್ತದೆ, ಬೆವತ ಮೈಯಲ್ಲಿ ನಿಂತಲ್ಲೇ ಚಳಿ ಹಿಡಿಯುತ್ತದೆ. ಸಾಧ್ಯವಿದ್ದರೆ ಆ ಹದಿನೈದು ದಿನ ಬಿಟ್ಟು ಹೋಗಿ. ಮೈಕ್ರೋಸ್ಪೈಕ್ ಮತ್ತು ಗೇಟರ್ ಸಾಂಕ್ರಿಯಲ್ಲೇ ಬಾಡಿಗೆಗೆ ಸಿಗುತ್ತವೆ. ತೆಗೆದುಕೊಳ್ಳುವಾಗ ಅಂಗಡಿಯ ಮುಂದೆಯೇ ನಿಮ್ಮ ಶೂಗೆ ಹಾಕಿ ನೋಡಿ, ರಬ್ಬರ್ ಬಿರುಕು ಬಿಟ್ಟಿದೆಯೇ, ಸರಪಳಿಯ ಕೊಂಡಿ ತೆರೆದುಕೊಂಡಿದೆಯೇ, ಹಲ್ಲು ಸವೆದಿದೆಯೇ ಎಂದು ಪರೀಕ್ಷಿಸಿ, ಸರಿಯಿಲ್ಲದಿದ್ದರೆ ಬದಲಿಸಿಕೊಳ್ಳಿ.